ಔಷಧಿ ಲಾಳ

ಪಶುವೈದ್ಯ ಇಲಾಖೆಗೆ ಹೊಸದಾಗಿ ಸೇರಿದವರು ನನ್ನಂಥ ಹಳಬರನ್ನು ಕಂಡಾಗ ಕೇಳುವುದು ಎರಡೇ ಪ್ರಶ್ನೆ. ವರ್ಗಾವಣೆ ತಪ್ಪಿಸಿಕೊಳ್ಳುವುದು ಹೇಗೆ? ಬಡ್ತಿ ಯಾವಾಗ? ಎರಡಕ್ಕೂ ನನ್ನಲ್ಲಿ ಉತ್ತರವಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿ ಕಾಂಪೌಂಡರ್ ಎಂದು ಸೇರಿದೆ. ನಡುವೆ ಸರ್ಕಾರ ಆ ಹುದ್ದೆಗೆ ಎರಡು ಸಲ ಹೆಸರು ಬದಲಾಯಿಸಿತು. ಕೆಲಸ ಅದೇ ಇತ್ತು, ನಾನೂ ಅವನೇ ಇದ್ದೆ. ಆದ್ದರಿಂದ ಬಡ್ತಿಯ ಮಾತು ಬಿಟ್ಟು, ನನ್ನನ್ನು ಇಂದಿಗೂ ಕೊರೆಯುವ ಒಂದು ಕೆಲಸವನ್ನು ಹೇಳಿಬಿಡುತ್ತೇನೆ. ಅದಕ್ಕೆ ಮೊದಲು ನಾವು ಎಂಥವರಿದ್ದೆವೆಂದು ನಿಮಗೆ ಗೊತ್ತಾಗಬೇಕು.

ಕೆಲಸಕ್ಕೆ ಸೇರಿದ ಮೊದಲ ವಾರವೇ ತಿಪ್ಪಸಂದ್ರದ ಕಡೆಯ ರೈತನೊಬ್ಬ ಹೊಟ್ಟೆ ಉಬ್ಬರಿಸಿದ ಎತ್ತನ್ನು ಹೊಡೆದುಕೊಂಡು ಬಂದ. ಬಿದಿರಿನ ಗೊಟ್ಟದಲ್ಲಿ ಎಣ್ಣೆ ಕುಡಿಸು ಎಂದು ಅಪ್ಪಣೆಯಾಯಿತು. ನಾನು ಹೊಸ ಖಾಕಿ ಅಂಗಿಯ ಜೋರಿನಲ್ಲಿ ಎತ್ತಿನ ಮೂತಿಯನ್ನು ಆಕಾಶಕ್ಕೆ ಎತ್ತಿದೆ. "ಅಷ್ಟೆತ್ರ ಎತ್ತಬ್ಯಾಡಿ ಸ್ವಾಮಿ, ಶ್ವಾಸಕ್ಕೆ ಹೊಯ್ತದೆ," ಎಂದು ರೈತ ಹೇಳುವಷ್ಟರಲ್ಲಿ ಎತ್ತು ಕೆಮ್ಮಿತು. ಎಣ್ಣೆಯೆಲ್ಲ ನನ್ನ ಮುಖಕ್ಕೆ, ಅಂಗಿಗೆ, ಕಿವಿಯೊಳಕ್ಕೆ. ರೈತನೇ ಗೊಟ್ಟ ತೆಗೆದುಕೊಂಡು, ಮೂತಿಯನ್ನು ಒಸಿ ಮಾತ್ರ ಎತ್ತಿ ಕುಡಿಸಿದ. ಮರುವಾರ ಸಂತೆಯಲ್ಲಿ ಸಿಕ್ಕವನು, "ಎತ್ತು ಚೆನ್ನಾಗೈತೆ. ನಿಮಗೆ ಹೊಟ್ಟೆ ಹೆಂಗೈತೆ?" ಎಂದು ಕೇಳಿದ.

ಆಗ ಗಾಜಿನ ಸಿರಿಂಜು. ಸ್ಟೌ ಮೇಲೆ ಕುದಿಸಬೇಕು. ಮೊಂಡಾದ ಸೂಜಿಯನ್ನು ಕಲ್ಲಿಗೆ ಉಜ್ಜಿ ಚೂಪು ಮಾಡುತ್ತಿದ್ದೆವು. ಔಷಧಿಯಲ್ಲಿ ಜನಕ್ಕೆ ನಂಬಿಕೆ ಬರುತ್ತಿದ್ದುದು ಬಣ್ಣ ನೋಡಿ. ಬಣ್ಣವಿಲ್ಲದ ಔಷಧಿ ಕೊಟ್ಟರೆ "ನೀರು ಕೊಟ್ಟು ಕಳಿಸಿದ್ರು" ಎನ್ನುತ್ತಿದ್ದರು. ಅದಕ್ಕೇ ಬಣ್ಣ ಬೆರೆಸಿ ಕೆಂಪಗೆ ಮಾಡಿಕೊಡುತ್ತಿದ್ದೆ. ಇದು ಸಣ್ಣ ಸುಳ್ಳು, ಯಾರಿಗೂ ತೊಂದರೆಯಿಲ್ಲ ಎಂದುಕೊಂಡಿದ್ದೆ. ಜನ ಎಷ್ಟು ಸುಲಭವಾಗಿ ನಂಬುತ್ತಾರೆ ಎಂಬ ಪಾಠವನ್ನು ಮಾತ್ರ ಆ ಕೆಂಪು ಬಾಟಲಿಯಿಂದಲೇ ಕಲಿತೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಕಡೆ ಕೆಲಸ ಮಾಡಿದ್ದೇನೆ. ಈಗ ಹೇಳುವುದು ಯಾವ ಊರಲ್ಲಿ ನಡೆದದ್ದೆಂದು ಬಾಯಿ ಬಿಡುವುದಿಲ್ಲ. ಊರಿಗೆ ರೈಲು ಬರುತ್ತಿತ್ತು ಎಂದಷ್ಟೇ ಹೇಳುತ್ತೇನೆ. ಹಾಗೆಂದರೆ ಎರಡು ಊರು ಉಳಿಯುತ್ತವೆ. ಅವರವರೇ ಒಬ್ಬರತ್ತ ಒಬ್ಬರು ಬೆರಳು ತೋರಿಸಿಕೊಳ್ಳಲಿ.

ಆ ಊರಿನ ನಮ್ಮ ಡಾಕ್ಟರು ಬೆಂಗಳೂರಿನವರು, ಬಹಳ ಓದಿದವರು. ಹಸು, ಎಮ್ಮೆ, ಕುರಿ ಯಾವುದನ್ನಾದರೂ ಮುಟ್ಟುತ್ತಿದ್ದರು. ಕುದುರೆಯೆಂದರೆ ಮಾತ್ರ ಅವರಿಗೆ ಎಲ್ಲಿಲ್ಲದ ಹೆದರಿಕೆ. ಅದನ್ನು ಒಪ್ಪಿಕೊಳ್ಳುವಂತಿರಲಿಲ್ಲ. ಹಾಗಾಗಿ "ಕುದುರೆಯನ್ನು ದೂರದಿಂದಲೇ ಪರೀಕ್ಷೆ ಮಾಡಬೇಕಯ್ಯ, ಹತ್ತಿರ ಹೋದರೆ ಅದಕ್ಕೆ ಗಾಬರಿಯಾಗಿ ಕಾಯಿಲೆ ಮುಚ್ಚಿಡುತ್ತೆ" ಎಂಬ ಸಿದ್ಧಾಂತ ಕಟ್ಟಿದ್ದರು. ಜಗುಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂರುವರು. ಕುದುರೆಯನ್ನು ಗೇಟಿನಿಂದ ಹುಣಸೆಮರದವರೆಗೆ ಓಡಿಸಿ ವಾಪಸು ತರಬೇಕು. ಮುಂಗಾಲು ಕುಂಟುವ ಕುದುರೆ, ನೋವಿನ ಕಾಲು ನೆಲಕ್ಕೆ ತಾಗಿದಾಗಲೆಲ್ಲ ತಲೆ ಮೇಲೆತ್ತುತ್ತದೆ. ಪುಸ್ತಕದಲ್ಲಿರುವ ಮಾತು, ನಿಜವಾದದ್ದೇ. ತಲೆ ಎತ್ತಿದರೆ ಅಯೋಗ್ಯ, ಎತ್ತದಿದ್ದರೆ ಯೋಗ್ಯ. ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಗೊರಸು ಎತ್ತಿ ನೋಡುವ ಪದ್ಧತಿ ನಮ್ಮಲ್ಲಿರಲಿಲ್ಲ.

ಪುರಸಭೆಯವರು ಜಟಕಾಗಳಿಗೆ ವರ್ಷಕ್ಕೊಮ್ಮೆ ಲೈಸೆನ್ಸು ಕೊಡುತ್ತಿದ್ದರು. ಕುದುರೆ ಗಾಡಿಗೆ ಯೋಗ್ಯವಾಗಿದೆ ಎಂಬ ಚೀಟಿ ನಮ್ಮ ಆಸ್ಪತ್ರೆಯಿಂದ ಹೋಗಬೇಕು. ಹಾಗೆ ಚೀಟಿಗೆ ಬಂದವನು ಮರಿಯಪ್ಪ. ನನಗಿಂತ ಹತ್ತು ವರ್ಷ ಹಿರಿಯ, ನಾನು ಮರಿಯಣ್ಣ ಎನ್ನುತ್ತಿದ್ದೆ. ಸ್ಟೇಷನ್ನಿನಿಂದ ಜನರನ್ನು, ಹಳ್ಳಿಗಳಿಂದ ರೇಷ್ಮೆಗೂಡಿನ ಬುಟ್ಟಿಗಳನ್ನು ಮಾರುಕಟ್ಟೆಗೆ ಸಾಗಿಸುತ್ತಿದ್ದ. ಅವನ ಕುದುರೆ ಗೌರಿ, ಕಂದು ಬಣ್ಣದ ಹೆಣ್ಣು ಕುದುರೆ, ಹಣೆಯ ಮೇಲೆ ಬಿಳಿ ಬೊಟ್ಟು. ರೈಲ್ವೆ ಗೇಟಿನ ಹತ್ತಿರ ಜಾರಿ ಬಿದ್ದು ಬಲ ಮುಂಗಾಲು ಕೆಟ್ಟಿತ್ತು. ಒಂದು ವರ್ಷದಿಂದ ಕುಂಟುತ್ತಿದ್ದಳು. ಗೊರಸಿನ ಒಳಗಿನ ಮೂಳೆ ಸವೆದಿರಬೇಕು. ಅದು ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ.

ಹುಣಸೆಮರದವರೆಗೆ ಓಡಿಸಿದೆವು. ಗೌರಿ ಹೆಜ್ಜೆಗೊಮ್ಮೆ ತಲೆ ಎತ್ತಿದಳು.

"ಯೋಗ್ಯವಲ್ಲ," ಎಂದರು ಡಾಕ್ಟರು. ಮರಿಯಣ್ಣನ ಮುಖ ನೋಡಿ, "ಮುಂದಿನ ವಾರ ಇನ್ನೊಂದು ಸಲ ತೋರಿಸು," ಎಂದು ಒಳಗೆ ಹೋದರು.

ಆ ಹೊತ್ತು ನಾನು ಹೇಳಬೇಕಾದ ಮಾತು ನನಗೆ ಗೊತ್ತಿತ್ತು. "ಮರಿಯಣ್ಣ, ಇವಳನ್ನು ಗಾಡಿಯಿಂದ ಬಿಡಿಸು. ಮೆತ್ತಗಿನ ನೆಲದಲ್ಲಿ ಮೇಯಲು ಬಿಡು. ಇನ್ನೂ ನಾಲ್ಕೈದು ವರ್ಷ ಸುಖವಾಗಿರುತ್ತಾಳೆ." ಇಷ್ಟೇ. ಹೇಳಿದ್ದರೆ ಮರಿಯಣ್ಣ ಬೇರೆಯವರ ಗಾಡಿ ಹೊಡೆಯುವ ಕೆಲಸ ಹುಡುಕಿಕೊಳ್ಳುತ್ತಿದ್ದ. ಆದರೆ ಅವನು, "ನಿಮ್ ಕೈಗುಣ ದೊಡ್ಡದು ಅಂತಾರೆ ಕಾಂಪೌಂಡ್ರೇ, ಏನಾರ ಮಾಡಿ," ಎಂದುಬಿಟ್ಟ. ಕೈಗುಣ ಎಂಬ ಮಾತು ಕೇಳಿದ ಮೇಲೆ ನನಗೆ ನೆಲ ಕಾಣಿಸಲಿಲ್ಲ. ಕರುಣೆಯಿಂದ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹೊಗಳಿಸಿಕೊಳ್ಳಲು ಮಾಡಿದೆ.

ಲಾಳ ಹೊಡೆಯುವ ಗೌಸ್ ಭಾಯಿ ಹಿಂದೊಮ್ಮೆ ದನದ ಜಾತ್ರೆಯ ದಲ್ಲಾಳಿಗಳ ಒಂದು ಮೋಸ ಹೇಳಿದ್ದ. ಕುದುರೆ ಒಂದು ಕಾಲು ಕುಂಟುತ್ತಿದ್ದರೆ, ಚೆನ್ನಾಗಿರುವ ಇನ್ನೊಂದು ಕಾಲಿನ ಲಾಳದೊಳಗೆ ಸಣ್ಣ ಕಲ್ಲು ಇಟ್ಟು ಹೊಡೆಯುವುದು. ಆಗ ಎರಡು ಕಾಲೂ ಒಂದೇ ಸಮ ನೋಯುತ್ತವೆ. ಯಾವ ಕಾಲಿಗೆ ತಲೆ ಎತ್ತಬೇಕೆಂದು ಕುದುರೆಗೆ ತಿಳಿಯುವುದಿಲ್ಲ. ಹೆಜ್ಜೆ ಸಮವಾಗಿ ಕಾಣುತ್ತದೆ. ಕೊಂಡುಕೊಳ್ಳುವವರು ಎಚ್ಚರವಾಗಿರಬೇಕು ಎಂದು ಅವನು ಹೇಳಿದ ಕಥೆ. ನಾನು ಅದನ್ನು ಚಿಕಿತ್ಸೆ ಎಂದು ಇಟ್ಟುಕೊಂಡೆ.

"ಅರೇ, ಇದು ದಲ್ಲಾಳಿ ಕೆಲ್ಸ ಸಾಬ್, ಆಸ್ಪತ್ರೆ ಕೆಲ್ಸ ಅಲ್ಲ," ಎಂದ ಗೌಸ್ ಭಾಯಿ.

"ಒಂದೇ ದಿನ ಭಾಯಿ. ಚೀಟಿ ಸಿಕ್ಕಿದ ಕೂಡಲೇ ತೆಗೆಯೋಣ."

"ತೆಗಿಲೇಬೇಕು. ಒಳಗೆ ಕೀವು ಆದ್ರೆ ಮುಗೀತು."

ಮರಿಯಣ್ಣನಿಗೆ ಕಲ್ಲಿನ ಮಾತು ಹೇಳಲಿಲ್ಲ. ತೊಗಲಿನ ತುಂಡಿನಲ್ಲಿ ಕಲ್ಲನ್ನು ಸುತ್ತಿ ಗೌರಿಯ ಎಡ ಮುಂಗಾಲಿಗೆ ಲಾಳ ಹೊಡೆಸಿ, "ಇದು ಔಷಧಿ ಲಾಳ" ಎಂದೆ. ಕಾಯಿಲೆ ಬಲಗಾಲಿಗಿದ್ದರೆ ಔಷಧಿ ಎಡಗಾಲಿಗೇಕೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಅದಕ್ಕೂ ಒಂದು ಉತ್ತರ ಇಟ್ಟುಕೊಂಡಿದ್ದೆ.

ಮರುವಾರ ಹುಣಸೆಮರದವರೆಗೆ ಗೌರಿ ತಲೆ ಎತ್ತದೆ ಹೋಗಿ ಬಂದಳು. ಡಾಕ್ಟರು ಕುರ್ಚಿಯಿಂದ ಎದ್ದೇ ನಿಂತರು. "ಭೇಷ್! ಏನು ಕೊಟ್ಟೆಯಯ್ಯ?" "ಶಾಖ ಕೊಟ್ಟೆ ಸಾರ್," ಎಂದೆ. 'ನಾಲ್ಕೂ ಕಾಲು ಸುಸ್ಥಿತಿಯಲ್ಲಿವೆ, ಗಾಡಿಗೆ ಯೋಗ್ಯ' ಎಂದು ನನ್ನ ದುಂಡನೆಯ ಅಕ್ಷರದಲ್ಲಿ ಬರೆದೆ. ಅವರು ಸಹಿ ಹಾಕಿದರು. ಮರಿಯಣ್ಣ ನಮ್ಮ ಮನೆಗೆ ಒಂದು ಬಾಳೆಗೊನೆ ತಂದಿಳಿಸಿದ. ನಾವು ತಿಂದೆವು.

"ಲಾಳ ತೆಗೆಸಿಬಿಡು ಮರಿಯಣ್ಣ," ಎಂದು ಹೇಳಿದ್ದೆ. ಹೇಳಿದ್ದು ನಿಜ. ಆದರೆ ಗೌಸ್ ಭಾಯಿ ತಂಗಿಯ ಮನೆಯ ಮದುವೆಗೆ ಮೈಸೂರಿಗೆ ಹೋಗಿದ್ದ. ನನಗೆ ಕುರಿಗಳಿಗೆ ಸೂಜಿ ಹಾಕುವ ಕೆಲಸ ಬಿತ್ತು, ಹಳ್ಳಿಗಳ ಮೇಲೆ ಹೊರಟುಹೋದೆ. ಮರಿಯಣ್ಣ ಲಾಳ ತೆಗೆಸಲೇ ಇಲ್ಲ. ಕುಂಟು ನಿಲ್ಲಿಸಿದ ಔಷಧಿಯನ್ನು ಯಾವ ತಲೆ ನೆಟ್ಟಗಿರುವವನು ತೆಗೆಸುತ್ತಾನೆ? ಒಂದು ದಿನಕ್ಕೇ ಇಷ್ಟು ಗುಣ ಕಂಡರೆ ತಿಂಗಳಿಟ್ಟರೆ ಎಷ್ಟು ಕಂಡೀತು ಎಂದು ಅವನ ಲೆಕ್ಕ. ನಾನು ತಿರುಗಿ ಬಂದು ನೋಡುವ ಹೊತ್ತಿಗೆ ಮೂರು ವಾರ ಕಳೆದಿತ್ತು. ಮೂರು ವಾರವೂ ಗೌರಿ ಜಲ್ಲಿ ರಸ್ತೆಯ ಮೇಲೆ ಆ ಕಲ್ಲನ್ನು ಮೆಟ್ಟಿಕೊಂಡು ಸ್ಟೇಷನ್ನಿಗೆ ಗಾಡಿ ಎಳೆದಿದ್ದಳು.

ಮೈಸೂರಿನಿಂದ ಮರಳಿದ್ದ ಗೌಸ್ ಭಾಯಿ ಲಾಳ ಕಿತ್ತಾಗ ಕೀವು ಚಿಮ್ಮಿತು. ಗೌಸ್ ಭಾಯಿ ನನ್ನ ಮುಖ ನೋಡಿದ. ತೊಗಲಿನ ಗಂಟನ್ನು ಬಿಚ್ಚದೆ ಸಾಮಾನಿನ ಜೊತೆ ಕಟ್ಟಿಕೊಂಡು ಹೋದ. ಮರಿಯಣ್ಣ, "ಇದೇನ್ರೀ ಹಿಂಗಾಗೋಯ್ತು?" ಎಂದ. "ಕಾಯಿಲೆ ಬಲಗಾಲಿಂದ ಎಡಗಾಲಿಗೂ ಹಬ್ಬಿದೆ," ಎಂದೆ. ಡಾಕ್ಟರಿಗೂ ಅದನ್ನೇ ಹೇಳಿದೆ. ಅವರು ಜಗುಲಿಯಿಂದಲೇ ತಲೆಯಾಡಿಸಿ, ಹಬ್ಬುವುದುಂಟು ಎಂದರು. ಪುಸ್ತಕದಲ್ಲಿ ಎಲ್ಲಿಯೂ ಇಲ್ಲದ ಒಂದು ರೋಗವನ್ನು ನಾವಿಬ್ಬರೂ ಸೇರಿ ಹುಟ್ಟಿಸಿದೆವು.

ಗೊರಸಿನೊಳಗೆ ಕೊಳೆಯಿತು. ತೊಳೆದೆ, ಬೇವಿನಸೊಪ್ಪಿನ ಶಾಖ ಕೊಟ್ಟೆ, ಪೆನಿಸಿಲಿನ್ ಹಾಕಿದೆ. ಎರಡು ತಿಂಗಳಾದರೂ ಏಳುವಂತಾಗಲಿಲ್ಲ. ಮಲಗಿ ಮಲಗಿ ಸೊಂಟದ ಮೇಲೆ ಹುಣ್ಣಾಯಿತು. ಮೇವು ಬಾಯಿಗೆ ಹಿಡಿದರೆ ಎರಡೆಳೆ ಅಗಿದು ಬಿಡುತ್ತಿದ್ದಳು. ಊರಿನವರು ತಲೆಗೊಂದು ಸಲಹೆ ಕೊಟ್ಟರು. ಬೆಟ್ಟದ ತಪ್ಪಲಿಗೆ ಬಿಟ್ಟು ಬಾ, ದೇವರು ನೋಡಿಕೊಳ್ಳುತ್ತಾನೆ ಎಂದರು ಕೆಲವರು. ದೇವರಿಗಿಂತ ಮೊದಲು ನಾಯಿಗಳು ನೋಡಿಕೊಳ್ಳುತ್ತವೆ ಎಂದು ಎಲ್ಲರಿಗೂ ಗೊತ್ತಿತ್ತು. ದಲ್ಲಾಳಿಗೆ ಕೊಡು, ಲಾರಿ ಹತ್ತಿಸಿಕೊಂಡು ಹೋಗುತ್ತಾನೆ ಎಂದರು ಇನ್ನು ಕೆಲವರು. ನಿಲ್ಲಲಾರದ ಕುದುರೆ ಲಾರಿಯಲ್ಲಿ ಹೇಗೆ ಹೋಗುತ್ತದೆಂದು ಯಾರೂ ಯೋಚಿಸಲಿಲ್ಲ. ತಾನಾಗಿ ಹೋಗುವವರೆಗೆ ಇಟ್ಟುಕೋ, ಪುಣ್ಯ ಬರುತ್ತದೆ ಎಂದವರೇ ಹೆಚ್ಚು. ಪುಣ್ಯ ಮರಿಯಣ್ಣನಿಗೆ, ನೋವು ಗೌರಿಗೆ. ಹಂಚಿಕೆ ಎಲ್ಲರಿಗೂ ಒಪ್ಪಿಗೆಯಾಗಿತ್ತು.

ಉಳಿದದ್ದು ಒಂದೇ ದಾರಿ. ಮೊದಲು ಮಂಪರು ಬರಿಸಿ, ಆಮೇಲೆ ಕೊನೆಯ ಸೂಜಿ. ಬದುಕಿರುವುದೇ ಹಿಂಸೆಯಾದ ಪ್ರಾಣಿಗೆ ಹಾಗೆ ಮಾಡಲು ಕಾನೂನಿನಲ್ಲಿ ಅವಕಾಶವಿತ್ತು. ಡಾಕ್ಟರಿಗೆ ಅದು ಗೊತ್ತಿತ್ತು. ಆದರೂ, "ನನ್ನ ಕೈಯಲ್ಲಿ ಯಾಕಯ್ಯ ಪ್ರಾಣ ತೆಗೆಸ್ತೀಯ? ಮೇಲಿನವರ ಅನುಮತಿ ಕೇಳೋಣ," ಎಂದು ಜಿಲ್ಲೆಗೆ ಬರೆದರು. ಮೂರು ವಾರಕ್ಕೆ ಉತ್ತರ ಬಂತು. 'ಸದರಿ ಕುದುರೆಯ ನಾಲ್ಕೂ ಕಾಲು ಸುಸ್ಥಿತಿಯಲ್ಲಿವೆ ಎಂದು ಕೆಲವೇ ತಿಂಗಳ ಹಿಂದೆ ನಿಮ್ಮ ಕಚೇರಿಯೇ ಪ್ರಮಾಣಪತ್ರ ನೀಡಿರುತ್ತದೆ. ಇಷ್ಟರಲ್ಲೇ ಎರಡು ಕಾಲು ಕೆಟ್ಟ ಬಗ್ಗೆ ವಿವರಣೆ ಸಲ್ಲಿಸುವುದು.'

ಡಾಕ್ಟರು ಆ ಕಾಗದವನ್ನು ನನ್ನ ಕಡೆ ತಳ್ಳಿ, "ವಿವರಣೆ ಬರಿ," ಎಂದರು.

ವಿವರಣೆ ಎರಡೇ ಸಾಲಿನದು. ಬರೆದರೆ ಗೌರಿಗೆ ಬಿಡುಗಡೆ, ನನಗೆ ಕೆಲಸದಿಂದ ಬಿಡುಗಡೆ. ನಾನು ಬರೆಯಲಿಲ್ಲ. ಹನ್ನೆರಡು ದಿನ ಕರಡು ತಿದ್ದಿದೆ. ಹವಾಮಾನ ಬರೆದೆ, ರಸ್ತೆಯ ಸ್ಥಿತಿ ಬರೆದೆ, ಮೇವಿನ ಕೊರತೆ ಬರೆದೆ. ಹೊಡೆದುಹಾಕಿ ಮತ್ತೆ ಬರೆದೆ. ದಿನಾ ಮರಿಯಣ್ಣನ ಕೊಟ್ಟಿಗೆಗೆ ಹೋಗಿ ಗೌರಿಯ ಹುಣ್ಣು ತೊಳೆದು, ರಿಜಿಸ್ಟರಿನಲ್ಲಿ 'ನಿಗಾ ಇಡಲಾಗಿದೆ' ಎಂದು ಬರೆಯುತ್ತಿದ್ದೆ. ನಾನು ನಿಗಾ ಇಟ್ಟದ್ದು ನನ್ನ ಕೆಲಸದ ಮೇಲೆ.

ಒಂದು ದಿನ ಮಧ್ಯಾಹ್ನ ನಾನು ಅಲ್ಲಿದ್ದಾಗ ಪ್ಯಾಸೆಂಜರ್ ರೈಲು ಕೂಗಿತು. ಎಷ್ಟೋ ವರ್ಷ ಆ ಕೂಗಿಗೇ ಸ್ಟೇಷನ್ನಿಗೆ ಓಡಿದ ಪ್ರಾಣಿ. ಗೌರಿ ಕಿವಿ ನಿಮಿರಿಸಿ, ಮುಂಗಾಲು ಊರಿ, ಎದ್ದೇಬಿಟ್ಟಳು. ಎರಡು ಉಸಿರು ನಿಂತಳು. ಮೈಯೆಲ್ಲ ನಡುಗಿತು, ಬೆವರಿತು. ನರಳಿ ಕುಸಿದಳು. ಬೇಲಿಯಾಚೆಯಿಂದ ನೋಡುತ್ತಿದ್ದವರು ಚಪ್ಪಾಳೆ ತಟ್ಟಿದರು. "ಎದ್ಲು ಕಣ್ಲಾ! ಇನ್ನೆಂಟು ದಿನಕ್ಕೆ ಓಡ್ತಾಳೆ ನೋಡು!" ಡಾಕ್ಟರಿಗೆ ಹೇಳಿದಾಗ ಅವರಿಗೂ ಖುಷಿ. 'ಚೇತರಿಕೆಯ ಲಕ್ಷಣ' ಎಂದು ಬರೆಸಿದರು. ಅದನ್ನೂ ನಾನೇ ಬರೆದೆ.

ಮರುದಿನ ಮರಿಯಣ್ಣ ಕೊಟ್ಟಿಗೆಯಲ್ಲಿ ನನಗಾಗಿ ಕಾಯುತ್ತಿದ್ದ. ಮುಖ ಗೆಲುವಾಗಿತ್ತು.

"ಕಾಂಪೌಂಡ್ರೇ, ಒಂದ್ ಮಾತು ಕೇಳ್ಲಾ? ಬೈಯಬ್ಯಾಡಿ."

"ಕೇಳು ಮರಿಯಣ್ಣ."

"ಆ ಔಷಧಿ ಲಾಳ ಇನ್ನೊಂದ್ ಸಾರ್ತಿ ಹೊಡ್ಸೋಣ್ವಾ? ಎರಡು ಕಾಲ್ಗೂ. ಅದು ಇದ್ದಾಗ ಹೆಂಗ್ ಓಡ್ತಿದ್ಲು! ತೆಗೆದ ಮ್ಯಾಕೆ ತಾನೆ ಹಿಂಗಾಗಿದ್ದು? ನಾನು ತೆಗೆಸ್ಬಾರ್ದಾಗಿತ್ತು ಕಣ್ರಿ. ನಂದೇ ತಪ್ಪು."

ನನ್ನ ಕೈಯಲ್ಲಿ ಬೇವಿನ ನೀರಿನ ಪಾತ್ರೆ ಇತ್ತು. ಕೆಳಗಿಟ್ಟೆ. ನಿಂತು ಹೇಳಲಾಗಲಿಲ್ಲ, ಗೌರಿಯ ಪಕ್ಕ ಕೂತು ಹೇಳಿದೆ. ಎಲ್ಲ ಹೇಳಿದೆ.

ಮರಿಯಣ್ಣ ಬಗ್ಗಿ ಗೌರಿಯ ಎಡಗಾಲಿನ ಗೊರಸು ನೋಡಿದ.

"ಹಂಗಾದ್ರೆ ಅದು ಔಷಧಿ ಅಲ್ವಾ?"

"ಅಲ್ಲ."

"ಕಲ್ಲಾ?"

"ಕಲ್ಲು."

"ಸುಕ್ರವಾರ ಸುಕ್ರವಾರ ಅದಕ್ಕೆ ಅರಿಶಿನ ಕುಂಕುಮ ಹಚ್ತಿದ್ದೆ ಕಣ್ರಿ."

ಹೊಡೆಯುತ್ತಾನೆಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅವನು ಗೌರಿಯ ಕತ್ತು ಸವರುತ್ತ ಕೇಳಿದ, "ಈಗಲಾರ ನಿಜ ಹೇಳಿ. ವಾಸಿ ಆಯ್ತಾಳಾ?"

"ಇಲ್ಲ ಮರಿಯಣ್ಣ. ನೆನ್ನೆ ಎದ್ದದ್ದು ಚೇತರಿಕೆಯಲ್ಲ, ಅಭ್ಯಾಸ. ಇನ್ನು ಇಟ್ಟಷ್ಟು ದಿನ ನೋವು, ಅಷ್ಟೆ."

"ಡಾಕ್ಟ್ರನ್ನ ಕರ್ಕಬನ್ನಿ. ನೀವು ಇನ್ ಮ್ಯಾಲೆ ಅವಳನ್ನ ಮುಟ್ಟಬ್ಯಾಡಿ."

ಆಸ್ಪತ್ರೆಗೆ ಹೋಗಿ ನಾನು ಹೇಳಿದ್ದನ್ನೆಲ್ಲ ಡಾಕ್ಟರು ಕೋರ್ಟಿನಲ್ಲಿ ತೀರ್ಪು ಕೇಳುವವರಂತೆ ಕೇಳಿದರು. ಮೊದಲು ಕೇಳಿದ ಪ್ರಶ್ನೆ, "ಇದನ್ನ ಯಾರ ಹತ್ರ ಹೇಳಿದ್ದೀಯ?" ಎಂದು. ಮರಿಯಣ್ಣನಿಗೆ ಎಂದೆ. ಸಹಿ ಹಾಕಿದ ಕೈಯಿಂದ ಹಣೆ ಒರೆಸಿಕೊಂಡರು. "ಇವತ್ತೇ ಮುಗಿಸಬೇಕು," ಎಂದರು.

"ಅನುಮತಿ ಸಾರ್?"

"ಯಾರ ಅನುಮತಿಯಯ್ಯ? ಡಾಕ್ಟರ್ ನಾನು. ಕಾನೂನು ನನಗೇ ಅಧಿಕಾರ ಕೊಟ್ಟಿದೆ!"

ಮೂರು ತಿಂಗಳು ಕನಿಕರಕ್ಕೆ ಸಿಗದ ಅಧಿಕಾರ ಹೆದರಿಕೆಗೆ ಅರ್ಧ ಗಂಟೆಯಲ್ಲಿ ಸಿಕ್ಕಿತು. ಆದರೆ ಔಷಧಿ ಪೆಟ್ಟಿಗೆ ಹಿಡಿದು ಹೊರಟಾಗ ನಾನು ಮರಿಯಣ್ಣನ ಷರತ್ತು ತಿಳಿಸಿದೆ. ನಾನು ಮುಟ್ಟುವಂತಿಲ್ಲ. ಡಾಕ್ಟರು ಮೆಟ್ಟಿಲ ಮೇಲೇ ನಿಂತುಬಿಟ್ಟರು. ಅವರು ಅಲ್ಲಿಯವರೆಗೆ ಒಂದು ಕುದುರೆಯನ್ನೂ ಮುಟ್ಟಿದವರಲ್ಲ.

ನಾನು ಕೊಟ್ಟಿಗೆಯ ತಡಿಕೆಯ ಹೊರಗೆ ನಿಂತೆ. ಮರಿಯಣ್ಣ ಗೌರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಲ್ಲದ ಚೂರು ತಿನ್ನಿಸಿದ. ಡಾಕ್ಟರು ಇಸ್ತ್ರಿಯ ಪ್ಯಾಂಟಿನಲ್ಲೇ ಸಗಣಿಯ ನೆಲಕ್ಕೆ ಮಂಡಿಯೂರಿದರು. ಕತ್ತಿನ ನರ ಹುಡುಕುವಲ್ಲಿ ಎರಡು ಸಲ ತಪ್ಪಿದರು. ಹೊರಗಿನಿಂದ ಹೇಳಿಕೊಡಬೇಕೆಂದು ಬಾಯಿ ತೆರೆದೆ, ಮುಚ್ಚಿದೆ. ಮೂರನೆಯ ಸಲ ಸರಿಯಾಯಿತು. ಮೊದಲ ಮದ್ದಿಗೆ ಗೌರಿಯ ಕಿವಿ ಸಡಿಲಾಯಿತು, ನರಳುವುದು ನಿಂತಿತು. ಅಷ್ಟು ದಿನದಲ್ಲಿ ಅವಳು ನೋವಿಲ್ಲದೆ ಮಲಗಿದ್ದನ್ನು ನೋಡಿದ್ದು ಆಗಲೇ. ಎರಡನೆಯದಕ್ಕೆ ಉಸಿರು ನಿಂತಿತು. ಡಾಕ್ಟರು ಎದೆಗೆ ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಆಲಿಸಿದರು. ಆಮೇಲೂ ಕೈ ಅವಳ ಕತ್ತಿನ ಮೇಲೇ ಇತ್ತು. ಹೊರಗೆ ಬಂದು, "ಕುದುರೆ ಮೈ ಎಷ್ಟು ಬಿಸಿ ಇರುತ್ತಯ್ಯ," ಎಂದರು. ಮುಂದಿನ ವರ್ಷದಿಂದ ಲೈಸೆನ್ಸಿಗೆ ಬಂದ ಪ್ರತಿ ಕುದುರೆಯ ಗೊರಸನ್ನೂ ಅವರೇ ಎತ್ತಿ ನೋಡಿದರು. ಒದೆಸಿಕೊಂಡರು ಕೂಡ.

ನನಗೆ ಶಿಕ್ಷೆಯಾಗಲಿಲ್ಲ. ಶಿಕ್ಷೆಯಾಗಬೇಕಾದರೆ ತಪ್ಪನ್ನು ಬರೆಯಬೇಕು, ಬರೆದರೆ ಸಹಿ ಹಾಕಿದವರ ಹೆಸರೂ ಬರುತ್ತದೆ. ಜಿಲ್ಲೆಗೆ ಕೊಡಬೇಕಿದ್ದ ವಿವರಣೆಗೆ 'ಕುದುರೆ ಮರಣ ಹೊಂದಿದ್ದರಿಂದ ವಿವರಣೆಯ ಅಗತ್ಯವಿರುವುದಿಲ್ಲ' ಎಂದು ಡಾಕ್ಟರು ಹೇಳಿ ಬರೆಸಿದರು. ಕಡತ ಮುಗಿಯಿತು. ಅಂದಿನಿಂದ, ವಾಸಿಯಾಗುತ್ತದಾ ಎಂದು ಯಾರು ಕೇಳಿದರೂ ಅದೇ ಗಳಿಗೆಯಲ್ಲಿ ನನಗೆ ಗೊತ್ತಿದ್ದದ್ದನ್ನು ಹೇಳಿದ್ದೇನೆ. ಇದರಿಂದ ಕೈಗುಣದ ಹೆಸರು ಹೋಯಿತು. "ಆವಯ್ಯ ಬಂದ್ರೆ ದನ ಉಳಿಯಾಕಿಲ್ಲ" ಎಂಬ ಹೆಸರು ಬಂತು. ನಿಮಗೂ ಬಂದರೆ ಹೆದರಬೇಡಿ. ಕಾಲೆಳೆಯುವ ಪ್ರಾಣಿಯ ಮುಂದೆ ನಿಂತಾಗ ತಿನ್ನುತ್ತದಾ, ತಾನಾಗಿ ಎದ್ದು ಮಲಗುತ್ತದಾ ಎಂದು ನೋಡಿ. ಕಾಯೋಣ ಎಂದು ನಿಮಗೆ ಅನ್ನಿಸಿದರೆ, ಕಾಯುವುದರಿಂದ ಅದಕ್ಕೆ ಲಾಭವೋ ನಿಮಗೋ ಎಂದು ಕೇಳಿಕೊಳ್ಳಿ. ನಾನು ಹನ್ನೆರಡು ದಿನ ಅದನ್ನು ಕೇಳಿಕೊಳ್ಳಲಿಲ್ಲ.

ಮರಿಯಣ್ಣ ಮತ್ತೆ ಕುದುರೆ ಕಟ್ಟಲಿಲ್ಲ. ನಾಲ್ಕೈದು ವರ್ಷದ ಮೇಲೆ ಒಂದು ಬೆಳಿಗ್ಗೆ ಆಸ್ಪತ್ರೆಗೆ ಮೇಕೆ ಹಿಡಿದುಕೊಂಡು ಬಂದ. ಮುಂಗಾಲಿಗೆ ಮುಳ್ಳು ಹೊಕ್ಕಿತ್ತು. ತೆಗೆದು ಅಯೋಡಿನ್ ಹಚ್ಚಿದರೆ ಮುಗಿಯುವ ಕೆಲಸ.

"ಡಾಕ್ಟ್ರಿಲ್ವಾ?"

"ಹಳ್ಳಿ ಕಡೆ ಹೋಗಿದ್ದಾರೆ ಮರಿಯಣ್ಣ. ಬರೋದು ಮಧ್ಯಾಹ್ನವಾಗುತ್ತೆ. ಮುಳ್ಳು ತಾನೆ, ನಾನು…"

"ಕಾಯ್ತೀನಿ."

ಬೆಂಚಿನ ಮೇಲೆ ಕೂತ. ಬಿಸಿಲೇರಿತು. ನಾನು ಒಂದು ಲೋಟ ನೀರು ತಂದುಕೊಟ್ಟೆ. ತೆಗೆದುಕೊಂಡು ಕುಡಿದ, ಲೋಟ ವಾಪಸು ಕೊಟ್ಟ. ಮೇಕೆಗೆಂದು ಬಕೆಟ್ಟಿನಲ್ಲಿ ನೀರು ತಂದೆ. ಅದು ಬಾಯಿ ಚಾಚಿತು. ಮರಿಯಣ್ಣ ಎದ್ದು ಬಂದು ನನ್ನ ಕೈಯಿಂದ ಬಕೆಟ್ಟನ್ನು ಮೆಲ್ಲಗೆ ತೆಗೆದುಕೊಂಡು, ನನಗೆ ಬೆನ್ನು ಮಾಡಿ ಕೂತು, ಮೇಕೆಗೆ ತಾನೇ ಕುಡಿಸಿದ.